ಸೊಟ್ಟ ಪಾದ: ಕೈಯಿಂದ ಕತ್ತರಿಗೆ, ಮತ್ತೆ ಕೈಗೆ

ಹುಟ್ಟುವ ಸಾವಿರ ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗುವಿನ ಪಾದ ಒಳಕ್ಕೆ ತಿರುಚಿಕೊಂಡಿರುತ್ತದೆ. ಹಿಮ್ಮಡಿ ಮೇಲೆದ್ದಿರುತ್ತದೆ, ಅಂಗಾಲು ಇನ್ನೊಂದು ಕಾಲಿನತ್ತ ಮುಖ ಮಾಡಿರುತ್ತದೆ. ಇದೇ ಕ್ಲಬ್‌ಫುಟ್, ಆಡುಮಾತಿನ ಸೊಟ್ಟ ಪಾದ. ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಹೀಗಿರುತ್ತವೆ. ಕೂಸಿಗೆ ಆಗ ನೋವಿಲ್ಲ; ತೊಂದರೆ ಶುರುವಾಗುವುದು ಅದು ಎದ್ದು ನಿಂತ ಮೇಲೆ. ಚಿಕಿತ್ಸೆ ಸಿಗದ ಮಗು ಪಾದದ ಹೊರಅಂಚನ್ನೂರಿ ನಡೆಯುತ್ತದೆ, ಕೆಲವೊಮ್ಮೆ ಪಾದದ ಮೇಲ್ಭಾಗವನ್ನೇ ನೆಲಕ್ಕೂರುತ್ತದೆ. ಮೈಭಾರ ಹೊರಲು ಹುಟ್ಟದ ಆ ಚರ್ಮ ಜಡ್ಡುಗಟ್ಟುತ್ತದೆ, ಒಡೆದು ಹುಣ್ಣಾಗುತ್ತದೆ.

ಇದನ್ನು ಹೇಗೆ ತಿದ್ದಬೇಕೆಂಬ ಚರ್ಚೆ ಬಹಳ ಹಳೆಯದು. ಎಳೆಯ ಪಾದವನ್ನು ಮೆಲ್ಲಗೆ ಕೈಯಿಂದ ತಿದ್ದಿ ಪಟ್ಟಿ ಕಟ್ಟಿ ಎಂದು ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಬರಹಗಳು ಕ್ರಿ.ಪೂ. 400ರ ಆಸುಪಾಸಿನಲ್ಲೇ ಹೇಳಿದ್ದವು. ಆಮೇಲೆ ಲೋಹದ ಸಾಧನಗಳು ಬಂದವು, 1830ರ ದಶಕದಲ್ಲಿ ಜರ್ಮನಿಯ ಸ್ಟ್ರೋಮೇಯರ್ ಚರ್ಮದಡಿಯಲ್ಲೇ ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಕತ್ತರಿಸುವ ವಿಧಾನ ತಂದರು, ಪ್ಲಾಸ್ಟರ್ ಬಂತು, ಪಾದವನ್ನು ಬಲವಂತವಾಗಿ ತಿರುಗಿಸುವ ಸ್ಪ್ಯಾನರ್‌ನಂಥ ಉಪಕರಣವೂ ಬಂತು.

ನಿಜವಾದ ಗೋಜಲು 20ನೇ ಶತಮಾನದ್ದು. 1940ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿದ್ದ ಸ್ಪೇನ್ ಮೂಲದ ವೈದ್ಯ ಇಗ್ನಾಸಿಯೋ ಪೊನ್ಸೆಟಿ, ಅಲ್ಲಿ ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದ ಪಾದಗಳನ್ನು ಮರಳಿ ಪರೀಕ್ಷಿಸಿದರು. ನೋಡಲು ನೆಟ್ಟಗಿದ್ದರೂ ಅವು ಬಿಗಿದುಕೊಂಡಿದ್ದವು, ಬಲಗುಂದಿದ್ದವು. ಅವರು ಕತ್ತರಿ ಬದಿಗಿಟ್ಟು ಬೆರಳಿಗೆ ಬಂದರು. ಕಣಕಾಲಿನ ಮುಂದೆ, ಹೊರಬದಿಗೆ, ಟೇಲಸ್ ಎಂಬ ಕಣಕಾಲಿನ ಮೂಳೆಯ ತಲೆ ಉಬ್ಬಾಗಿ ಕೈಗೆ ಸಿಗುತ್ತದೆ. ಹೆಬ್ಬೆರಳನ್ನು ಅಲ್ಲಿ ಒತ್ತಿಹಿಡಿದು ಪಾದದ ಮುಂಭಾಗವನ್ನು ನಿಧಾನವಾಗಿ ಹೊರಕ್ಕೆ ಸರಿಸಿದರೆ ಹಿಮ್ಮಡಿ ಮುಟ್ಟದೆಯೂ ತಾನಾಗಿ ಹಿಂಬಾಲಿಸುತ್ತದೆ. ಸರಿಸಿದಷ್ಟನ್ನು ತೊಡೆಯವರೆಗಿನ ಪ್ಲಾಸ್ಟರ್ ಹಿಡಿದಿಡುತ್ತದೆ. ವಾರಕ್ಕೊಮ್ಮೆ ಬದಲಿಸುತ್ತ ಐದಾರು ಪ್ಲಾಸ್ಟರ್ ಆಗುವಷ್ಟರಲ್ಲಿ ಪಾದ ದಾರಿಗೆ ಬಂದಿರುತ್ತದೆ. ಬಹುಪಾಲು ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿಗೊಂದು ಪುಟ್ಟ ಕೊಯ್ತ ಬೇಕಾಗುತ್ತದೆ. ಮೂರು ವಾರದಲ್ಲಿ ಆ ರಜ್ಜು ಉದ್ದವಾಗಿ ಕೂಡಿಕೊಳ್ಳುತ್ತದೆ.

1963ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆದರೂ ಮುಂದಿನ ಮೂರು ದಶಕ ಮೇಲುಗೈ ಪಡೆದದ್ದು ಕತ್ತರಿಯೇ. ಇದಕ್ಕೆ ಯಾರ ಹಟಕ್ಕಿಂತಲೂ ‘ಪ್ಲಾಸ್ಟರ್’ ಎಂಬ ಒಂದೇ ಪದ ಹೆಚ್ಚು ಕಾರಣ ಎಂದು ನನಗನಿಸುತ್ತದೆ. ಆಗ ಹೆಚ್ಚು ಬಳಕೆಯಲ್ಲಿದ್ದ ಪ್ಲಾಸ್ಟರ್ ಕ್ರಮದಲ್ಲಿ ಪಾದದ ಹೊರಅಂಚಿನ ನಡುವೆ ಒತ್ತುತ್ತಿದ್ದರು. ಅಲ್ಲಿ ಒತ್ತಿದರೆ ಹಿಮ್ಮಡಿಯ ಮೂಳೆ ತಿರುಗದಂತೆ ತಡೆದಂತಾಗುತ್ತದೆ. ತಿಂಗಳುಗಟ್ಟಲೆ ಕಟ್ಟಿ ಸೋತವರಿಗೆ ಪೊನ್ಸೆಟಿ ಹೇಳಿದ್ದೂ ಅದೇ ಹಳೆಯ ಪ್ಲಾಸ್ಟರ್ ಎನಿಸಿತು. ವ್ಯತ್ಯಾಸ ಇದ್ದದ್ದು ಕೊಂಚವೇ ಆಚೆ ಇಟ್ಟ ಹೆಬ್ಬೆರಳಿನಲ್ಲಿ! 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಟರ್ಕೊ ವಿವರಿಸಿದ, ಒಳಬದಿ ಮತ್ತು ಹಿಂಬದಿಯ ಬಂಧಗಳನ್ನು ಒಟ್ಟಿಗೆ ಬಿಡಿಸುವ ಶಸ್ತ್ರಚಿಕಿತ್ಸೆ ಹಬ್ಬಿತು. ಒಂದೇ ದಿನದಲ್ಲಿ ಪಾದ ನೇರವಾಗುವುದನ್ನು ಕಂಡ ಯಾರಿಗಾದರೂ ನಂಬಿಕೆ ಹುಟ್ಟುವುದು ಸಹಜ. ಆ ಮಕ್ಕಳು ಬೆಳೆದು ದೊಡ್ಡವರಾದಾಗ ಹಲವರಲ್ಲಿ ಕಂಡದ್ದು ಬಿಗಿದ ಕೀಲು, ನೋವು, ಸಂಧಿವಾತ. ಪೊನ್ಸೆಟಿ ಕ್ರಮದಲ್ಲಿ ಗುಣವಾದವರ ಮೂವತ್ತು ವರ್ಷಗಳ ನಂತರದ ಸ್ಥಿತಿಯನ್ನು ತೋರಿಸುವ ವರದಿ 1995ರಲ್ಲಿ ಬಂತು. ಇಂಟರ್ನೆಟ್ ಬಂದಮೇಲೆ ತಂದೆತಾಯಂದಿರೇ ಒಬ್ಬರಿಗೊಬ್ಬರು ವಿಷಯ ಮುಟ್ಟಿಸಿದರು. ಇಂದು ಜಗತ್ತಿನ ಬಹುತೇಕ ಕಡೆ ಮೊದಲ ಆಯ್ಕೆ ಇದೇ.

ಈಗಿನ ತೊಡಕು ಬೇರೆ. ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಪಾದ ಎಷ್ಟು ಚಂದ ಕಾಣುತ್ತದೆಂದರೆ, ಮನೆಮಂದಿಗೆ ಎಲ್ಲ ಮುಗಿದಂತೆ ಅನಿಸುತ್ತದೆ. ಆದರೆ ಅರ್ಧದಷ್ಟು ಕೆಲಸ ಶುರುವಾಗುವುದೇ ಅಲ್ಲಿಂದ: ಒಂದು ಪಟ್ಟಿಯ ಎರಡು ತುದಿಗೆ ಜೋಡಿಸಿದ, ಹೊರಕ್ಕೆ ತಿರುಗಿದ ಬೂಟುಗಳು. ಇದೇ ಬ್ರೇಸ್. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತು. ಮೊದಲ ರಾತ್ರಿಗಳಲ್ಲಿ ಮಗು ಒಂದು ಕಾಲನ್ನಷ್ಟೇ ಒದೆಯಲು ಹೋಗಿ ಆಗದೆ ಅಳುತ್ತದೆ. ಎರಡೂ ಕಾಲು ಒಟ್ಟಿಗೆ ಮಡಚಿ ಚಾಚುವುದನ್ನು ಆಟದಂತೆ ಕಲಿಸಿದರೆ ಹೊಂದಿಕೊಳ್ಳುತ್ತದೆ. ಪಾದ ಮತ್ತೆ ಸೊಟ್ಟಗಾಗುವುದಕ್ಕೆ ಬ್ರೇಸ್ ನಿಲ್ಲಿಸಿದ್ದೇ ಮುಖ್ಯ ಕಾರಣ. ಅದಕ್ಕೆ ಹೆತ್ತವರನ್ನು ಗದರಿಸಿ ಫಲವಿಲ್ಲ. ನಾಲ್ಕು ವರ್ಷದ ಈ ಲೆಕ್ಕವನ್ನು ಮೊದಲ ಪ್ಲಾಸ್ಟರ್‌ನ ದಿನವೇ ಕೂರಿಸಿಕೊಂಡು ಹೇಳಬೇಕು.

ಮರುಕಳಿಸುವಿಕೆ ಮೊದಲು ಕಣ್ಣಿಗೆ ಬೀಳುವುದೂ ಮನೆಯಲ್ಲೇ. ಬೂಟಿನೊಳಗೆ ಹಿಮ್ಮಡಿ ಕೂರುವುದಿಲ್ಲ, ಕುಕ್ಕರುಗಾಲಲ್ಲಿ ಕೂತಾಗ ಹಿಮ್ಮಡಿ ಎದ್ದೇ ಇರುತ್ತದೆ, ನಡೆವಾಗ ಪಾದ ಒಳಕ್ಕೆ ಎಳೆಯುತ್ತದೆ. ಆಗಲೇ ಕರೆತಂದರೆ ಅನೇಕ ಮಕ್ಕಳಿಗೆ ಕೆಲವು ವಾರದ ಪ್ಲಾಸ್ಟರ್ ಸಾಕಾಗುತ್ತದೆ. ತುಸು ದೊಡ್ಡ ಮಕ್ಕಳಲ್ಲಿ ಪಾದವನ್ನು ಒಳಕ್ಕೆಳೆಯುವ ಸ್ನಾಯುರಜ್ಜುವೊಂದನ್ನು ಪಾದದ ನಡುವಿಗೆ ಸ್ಥಳಾಂತರಿಸುತ್ತಾರೆ. ಆಗ ಅದೇ ರಜ್ಜು ಪಾದವನ್ನು ನೇರವಾಗಿ ಮೇಲೆತ್ತುತ್ತದೆ.