ಕೆಂಪು ಇಳಿದರೆ ಕಣ್ಣು ವಾಸಿಯಾಯಿತೇ?

ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಶುರುವಾಗುವ ಮುಂಚೆ ಕಣ್ಣಿಗೆ ಕಂದು ಬಣ್ಣದ ಹನಿ ಬಿಟ್ಟದ್ದು ಹಲವರಿಗೆ ನೆನಪಿರುತ್ತದೆ. ಅದು ಪೊವಿಡೋನ್ ಅಯೋಡಿನ್. ಮಂಡಿ ತರಚಿದಾಗ ಹಚ್ಚುತ್ತೇವಲ್ಲ, ಅದೇ ಅಯೋಡಿನ್. ಕಣ್ಣಿಗೆ ಸಾಮಾನ್ಯವಾಗಿ 5% ದ್ರಾವಣ ಬಳಸುತ್ತಾರೆ.

ರೆಪ್ಪೆಯ ಅಂಚಿನಲ್ಲಿ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತವೆ. ಹೊರಗಿದ್ದರೆ ತೊಂದರೆಯಿಲ್ಲ. ಆಪರೇಷನ್ ಹೊತ್ತಿಗೆ ಕಣ್ಣಿನ ಒಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. 1991ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ, ಬೆಳ್ಳಿಯ ಹನಿ (ಬೆಳ್ಳಿಯ ಸಂಯುಕ್ತವಿರುವ, ರೋಗಾಣು ಕೊಲ್ಲುವ ಮದ್ದು) ಬಿಟ್ಟ ಕಣ್ಣುಗಳಲ್ಲಿ ಇಂಥ ಸೋಂಕು 0.24% ಇದ್ದರೆ, ಅಯೋಡಿನ್ ಬಿಟ್ಟಲ್ಲಿ 0.06% ಇತ್ತು. ನಾಲ್ಕನೇ ಒಂದು ಭಾಗ!

ಈ ಅಯೋಡಿನ್‌ನ ಒಂದು ಗುಣ ನನಗೆ ಎಂದಿಗೂ ಬೇಸರ ತರಿಸದ ವಿಸ್ಮಯ. ನೀರು ಬೆರೆಸಿ ತೆಳುವಾಗಿಸಿದರೆ ಇದು ಇನ್ನೂ ಬೇಗ ಕೊಲ್ಲುತ್ತದೆ. 1982ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ 10% ದ್ರಾವಣದಲ್ಲಿ ಕೆಲವು ಬ್ಯಾಕ್ಟೀರಿಯಾ ನಿಮಿಷಗಟ್ಟಲೆ ಬದುಕುಳಿದವು. ಅದನ್ನೇ ನೂರು ಪಟ್ಟು ತೆಳುವಾಗಿಸಿದಾಗ 15 ಸೆಕೆಂಡಿನಲ್ಲಿ ಸತ್ತವು.

ಇದು ಹೇಗೆ? ಪೊವಿಡೋನ್ ಎಂದರೆ ಉದ್ದುದ್ದ ಸರಪಳಿಯಂಥ ಅಣು. ಅದು ಅಯೋಡಿನನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಿಡಿತದಲ್ಲಿರುವ ಅಯೋಡಿನ್ ಯಾರನ್ನೂ ಕೊಲ್ಲುವುದಿಲ್ಲ. ಬಿಡಿಸಿಕೊಂಡು ಹೊರಬಂದದ್ದು ಮಾತ್ರ ಕೊಲ್ಲುತ್ತದೆ. ಕಿಕ್ಕಿರಿದ ಸಿಟಿ ಬಸ್ಸನ್ನು ನೆನೆಸಿಕೊಳ್ಳಿ. ಒಳಗೆ ನೂರು ಜನ ಇದ್ದರೂ ಸ್ಟಾಪಿನಲ್ಲಿ ಇಳಿಯಲು ಆಗುವುದು ಇಬ್ಬರಿಗೋ ಮೂವರಿಗೋ. ಜನ ಕಡಿಮೆಯಿದ್ದರೆ ಇಳಿಯಬೇಕಾದವರೆಲ್ಲ ಸಲೀಸಾಗಿ ಇಳಿಯುತ್ತಾರೆ. ಗಟ್ಟಿ ದ್ರಾವಣದಲ್ಲೂ ಹಾಗೇ, ಸರಪಳಿಗಳ ಒತ್ತಣೆಯಲ್ಲಿ ಅಯೋಡಿನ್ ಸಿಕ್ಕಿಕೊಂಡಿರುತ್ತದೆ. ನೀರು ಸೇರಿದಂತೆ ಹಿಡಿತ ಸಡಿಲವಾಗುತ್ತದೆ. ಸುಮಾರು 0.1% ಹತ್ತಿರ ಬಿಡಿ ಅಯೋಡಿನ್ ಅತಿ ಜಾಸ್ತಿ ಇರುತ್ತದೆ. ಅದಕ್ಕಿಂತಲೂ ತೆಳುವಾದರೆ ಮತ್ತೆ ಕಡಿಮೆಯಾಗುತ್ತದೆ, ಯಾಕೆಂದರೆ ಅಯೋಡಿನ್ನೇ ಅಷ್ಟಿರುವುದಿಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿ ಗಟ್ಟಿಯದನ್ನು ಯಾಕೆ ಬಿಡುತ್ತಾರೆ? ತೆಳುವಾದದ್ದು ಬೇಗ ಖಾಲಿಯಾಗುತ್ತದೆ. ಕಣ್ಣೀರು, ಪ್ರೋಟೀನು ಸೇರಿದರೆ ಅದರ ಶಕ್ತಿ ಮುಗಿಯಿತು. ಗಟ್ಟಿ ದ್ರಾವಣದಲ್ಲಿ ದಾಸ್ತಾನು ಇರುತ್ತದೆ. ಜಪಾನಿನ ಕೆಲವು ವೈದ್ಯರು ಬೇರೆ ದಾರಿ ಹಿಡಿದರು. 0.25% ದ್ರಾವಣವನ್ನು ಆಪರೇಷನ್ ಉದ್ದಕ್ಕೂ ಅರ್ಧ ನಿಮಿಷಕ್ಕೊಮ್ಮೆ ಕಣ್ಣಿನ ಮೇಲೆ ಹಾಯಿಸುತ್ತಾರೆ. ಲೆಕ್ಕ ಎಷ್ಟು ಚೆಂದ, ಅಲ್ವಾ?

ಇದನ್ನು ಓದಿ ಮನೆಯ ಬಾಟಲಿಯ ಅಯೋಡಿನ್‌ಗೆ ನೀರು ಬೆರೆಸಿ ಕಣ್ಣಿಗೆ ಬಿಡಬೇಡಿ. ಕೈ ತೊಳೆಯುವ ಅಯೋಡಿನ್ ಸ್ಕ್ರಬ್‌ನಲ್ಲಿ ಸೋಪಿನಂಥ ವಸ್ತು ಇರುತ್ತದೆ. ಅದು ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು ಸುಡುತ್ತದೆ.

ಬೆಳ್ಳಿಯ ಹನಿ ಅಂದೆನಲ್ಲ, ಅದರದ್ದೂ ದೊಡ್ಡ ಕಥೆ. 19ನೇ ಶತಮಾನದ ಯುರೋಪಿನಲ್ಲಿ ಎಷ್ಟೋ ಕೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಕುರುಡಾಗುತ್ತಿದ್ದವು. ತಾಯಿಗೆ ಗೊನೋರಿಯಾ ಎಂಬ ಲೈಂಗಿಕ ಸೋಂಕು ಇದ್ದರೆ ಹೆರಿಗೆಯಾಗುವಾಗ ಮಗುವಿನ ಕಣ್ಣಿಗೆ ಸೋಂಕು ತಗುಲುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನ ಹೆರಿಗೆ ವೈದ್ಯ ಕಾರ್ಲ್ ಕ್ರೆಡೆ 1880ರಲ್ಲಿ ಪ್ರತಿ ಕೂಸಿನ ಕಣ್ಣಿಗೆ 2% ಸಿಲ್ವರ್ ನೈಟ್ರೇಟ್‌ನ ಒಂದು ಹನಿ ಬಿಡಲು ಶುರುಮಾಡಿದರು. ನೂರಕ್ಕೆ ಹತ್ತರಷ್ಟಿದ್ದ ಈ ಕಾಯಿಲೆ ಒಂದಕ್ಕಿಂತ ಕೆಳಗಿಳಿಯಿತು. ಆದರೆ ಬೆಳ್ಳಿ ಕಣ್ಣಿಗೆ ಉರಿ. ಅದರಿಂದಲೇ ಕೂಸಿನ ಕಣ್ಣು ಕೆಂಪಾಗುತ್ತಿತ್ತು. 1995ರಲ್ಲಿ ಕೀನ್ಯಾದ 3,117 ಶಿಶುಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕಣ್ಣಿನ ಸೋಂಕು ಬೆಳ್ಳಿ ಪಡೆದವರಲ್ಲಿ 17.5%, ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಪಡೆದವರಲ್ಲಿ 15.2%, ಅಗ್ಗದ ಅಯೋಡಿನ್ ಪಡೆದವರಲ್ಲಿ 13.1%.

ಇವೆಲ್ಲ ರೋಗಾಣು ಕೊಲ್ಲುವ ಹನಿಗಳು. ಮೆಡಿಕಲ್ ಸ್ಟೋರಿನಲ್ಲಿ ಜನ ಕೇಳುವುದು ಬೇರೆಯದನ್ನು: 'ಕೆಂಪು ಬೇಗ ಹೋಗುವ ಡ್ರಾಪ್ಸ್ ಕೊಡಿ.' ನನಗೆ ಆತಂಕ ಇರುವುದು ಇಲ್ಲೇ.

ಕೆಂಪು, ಊತ, ನೀರು ಸುರಿಯುವುದು, ಇವೆಲ್ಲ ಹೆಚ್ಚಾಗಿ ದೇಹವೇ ಮಾಡುವ ಕೆಲಸ. ರಕ್ತನಾಳ ಹಿಗ್ಗಿ ರಕ್ಷಣೆಯ ಜೀವಕೋಶಗಳು ಅಲ್ಲಿಗೆ ಬರುತ್ತವೆ. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಹನಿ ಆ ಜೀವಕೋಶಗಳನ್ನೇ ತಡೆಯುತ್ತದೆ. ಕಣ್ಣು ಬೆಳ್ಳಗಾಗುತ್ತದೆ, ರೋಗಾಣು ಅಲ್ಲೇ ಉಳಿಯುತ್ತದೆ. ಪೊರೆ ಆಪರೇಷನ್ ಆದಮೇಲೆ ಊತ ಇಳಿಸಲು ಇದೇ ಹನಿ ಬೇಕು, ವೈದ್ಯರು ವಾರಗಟ್ಟಲೆ ಕೊಟ್ಟು ನಿಧಾನವಾಗಿ ಕಡಿಮೆ ಮಾಡುತ್ತಾರೆ. ಹೇಳದೆ ಕೇಳದೆ ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಬರುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಮದ್ರಾಸ್ ಐ ಬಗ್ಗೆಯೂ ಹೇಳಬೇಕು. ಬಂದವರ ಕಣ್ಣು ನೋಡಿದರೆ ಸಾಕು, ನಮಗೂ ಬರುತ್ತದೆ ಎಂದು ಇವತ್ತಿಗೂ ನಂಬುತ್ತಾರೆ. ನೋಟದಿಂದ ಯಾವ ವೈರಸ್ಸೂ ದಾಟುವುದಿಲ್ಲ. ದಾಟುವುದು ಕೈ, ಟವೆಲ್, ದಿಂಬು, ಮೊಬೈಲಿನಿಂದ. ಕಪ್ಪು ಕನ್ನಡಕ ಬೆಳಕಿನ ಚುಚ್ಚು ತಪ್ಪಿಸುತ್ತದೆ, ಅಷ್ಟೇ. ಸಾಮಾನ್ಯವಾಗಿ ಇದಕ್ಕೆ ಕಾರಣ ಅಡೆನೊವೈರಸ್. ಆಂಟಿಬಯಾಟಿಕ್ ಹನಿಗೆ ಅದು ಜಗ್ಗುವುದಿಲ್ಲ. ಸುಮಾರು ಎರಡು ವಾರದಲ್ಲಿ ಹೆಚ್ಚಿನವರಿಗೆ ತಾನಾಗಿಯೇ ವಾಸಿ. ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನು ಹಿಂಡುವುದರಿಂದ ಹೊಸ ರೋಗಾಣು ಸೇರಬಹುದು.

ಎಲ್ಲಕ್ಕಿಂತ ಅಪಾಯ ಹೊಲದಲ್ಲಿ ಪೆಟ್ಟಾದ ಕಣ್ಣಿಗೆ. ಭತ್ತದ ಹೊಟ್ಟು, ಕಬ್ಬಿನ ಗರಿ ತಾಗಿ ಕಾರ್ನಿಯಾ ಗೀರಿದರೆ ಅಲ್ಲಿ ಶಿಲೀಂಧ್ರ ಬೇರೂರಬಹುದು. ಅದರ ಮೇಲೆ ಸ್ಟೀರಾಯ್ಡ್ ಬಿಟ್ಟರೆ ಎರಡು ದಿನ ಹಾಯೆನಿಸಬಹುದು, ಆದರೆ ಶಿಲೀಂಧ್ರಕ್ಕೆ ತಡೆಯೇ ಇರುವುದಿಲ್ಲ, ಹುಣ್ಣು ಕಾರ್ನಿಯಾವನ್ನು ತೂತು ಮಾಡುವವರೆಗೂ ಹೋಗಬಹುದು. ಇದಕ್ಕಿರುವ ಮದ್ದು ನಟಾಮೈಸಿನ್ 5%. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದು. ಶುರುವಿನಲ್ಲಿ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಬಿಡಬೇಕು, ವಾರಗಟ್ಟಲೆ ಮುಂದುವರಿಸಬೇಕು. ಹುಣ್ಣು ಮಾಯುತ್ತಿದ್ದರೂ ಬಹಳ ದಿನ ಕಣ್ಣು ಕೆಂಪಾಗಿಯೇ ಇರುತ್ತದೆ. ಮದ್ದು ನಾಟುತ್ತಿಲ್ಲ ಎಂದುಕೊಂಡು ನಡುವೆ ನಿಲ್ಲಿಸಬಾರದು.