ಮೀಡ್‌ನಲ್ಲಿ ಜೇನಿನ ಸಿಹಿ ಹುಡುಕಬೇಡಿ

“ಪೇರ್ ಹಣ್ಣನ್ನು ಮೀಡ್‌ನಲ್ಲಿ ಬೇಯಿಸಿದೆ. ಹುಳಿ ಹುಳಿ, ನೀರು ನೀರು. ಏನು ತಪ್ಪಾಯ್ತು?” ಹೀಗೆ ಕೇಳುವವರಿಗೆ ಸಕ್ಕರೆ ಎಷ್ಟು ಹಾಕಿದಿರಿ ಎಂದು ಮರುಪ್ರಶ್ನೆ ಹಾಕಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಹಾಕಲೇ ಇಲ್ಲ. ಮೀಡ್ ಅಂದರೆ ಜೇನುತುಪ್ಪ ತಾನೇ?”

ಅಲ್ಲ. ಮೀಡ್ ಎಂದರೆ ಜೇನುತುಪ್ಪಕ್ಕೆ ನೀರು ಬೆರೆಸಿ, ಯೀಸ್ಟ್‌ನಿಂದ ಹುದುಗಿಸಿದ ಮದ್ಯ. ಜೇನುತುಪ್ಪದಿಂದ ಆದದ್ದು ನಿಜ, ಆದರೆ ಆ ಜೇನಿನ ಸಿಹಿಯನ್ನು ಬಹುಪಾಲು ಯೀಸ್ಟ್ ಆಗಲೇ ತಿಂದು ಮುಗಿಸಿರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರಿನಲ್ಲಿ ಶೇ 1ರಷ್ಟು ಆಲ್ಕೋಹಾಲ್ ಹುಟ್ಟಲು ಸುಮಾರು 17 ಗ್ರಾಂ ಸಕ್ಕರೆ ಬೇಕು. ಶೇ 12ರ ಮೀಡ್ ಆದರೆ ಲೀಟರಿಗೆ 200 ಗ್ರಾಂ ಸಕ್ಕರೆ ಖರ್ಚಾಗಿದೆ ಎಂದಾಯಿತು. ಜೇನಿನಲ್ಲಿ ಸಕ್ಕರೆಯ ಪಾಲು ಶೇ 80ರ ಆಸುಪಾಸು; ಹಾಗಾಗಿ ಕಾಲು ಕಿಲೋ ಜೇನಿನ ಸಿಹಿ ಆ ಒಂದು ಲೀಟರಿನಲ್ಲಿ ಆಲ್ಕೋಹಾಲ್ ಆಗಿ ಹೋಗಿದೆ. ಉಳಿದಿರುವುದು ಪರಿಮಳ ಮತ್ತು ಒಂದಿಷ್ಟು ಆಮ್ಲ. ಮೂಗು ಜೇನು ಅನ್ನುತ್ತದೆ, ನಾಲಿಗೆ ಇಲ್ಲ ಅನ್ನುತ್ತದೆ. ಅಡುಗೆಯಲ್ಲಿ ನಂಬಬೇಕಾದ್ದು ನಾಲಿಗೆಯನ್ನು. ಒಂದು ಚಮಚ ಕುಡಿದು ನೋಡದೆ ಪಾತ್ರೆಗೆ ಸುರಿಯಬೇಡಿ.

ಮನೆಯಲ್ಲೇ ಹುದುಗಿಸುವವರ ಬಳಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದೇ ಇರುತ್ತದೆ. ಅಂತಿಮ ಓದು 1.010ಕ್ಕಿಂತ ಕೆಳಗಿದ್ದರೆ ಡ್ರೈ (ಅಂದರೆ ಸಿಹಿ ಉಳಿಯದ್ದು), 1.025ರವರೆಗೆ ಅರೆಸಿಹಿ, ಅದರಾಚೆ ಸಿಹಿ. ಬಾಟಲಿ ಕೊಂಡವರು ಲೇಬಲ್ ಓದಿ. ಅಲ್ಲೂ “ಜೇನಿನ ವೈನ್” ಎಂದಷ್ಟೇ ಬರೆದಿದ್ದರೆ ಮತ್ತೆ ನಾಲಿಗೆಯೇ ಗತಿ.

ಗಟ್ಟಿಯಾಗಿ ಕುದಿಸಿ ಬತ್ತಿಸಿದರೆ ಸಿಹಿ ಬಂದೀತು ಎಂಬ ಆಸೆ ಇನ್ನೊಂದು. ಅರ್ಧ ಲೀಟರ್ ಡ್ರೈ ಮೀಡನ್ನು 150 ಮಿಲಿಲೀಟರಿಗೆ ಇಳಿಸಿದರೆ ಇದ್ದ ಹುಳಿಯೇ ಮೂರು ಪಟ್ಟು ತೀಕ್ಷ್ಣವಾಗುತ್ತದೆ. ಓಕ್ ಪೀಪಾಯಿಯಲ್ಲಿ ಇಟ್ಟ ಮೀಡ್ ಆದರೆ ಒಗರು, ಬಿಯರಿಗೆ ಹಾಕುವ ಹಾಪ್ಸ್ ಹೂ ಹಾಕಿದ್ದಾದರೆ ಕಹಿ. ಇವೆರಡನ್ನೂ ಬತ್ತಿಸುವ ಕೆಲಸಕ್ಕೆ ತರಬೇಡಿ.

ನಾಲ್ಕು ಗಟ್ಟಿ ಪೇರ್ ಹಣ್ಣಿಗೆ 500 ಮಿಲಿಲೀಟರ್ ಮೀಡ್, 250 ನೀರು ಸಾಕು. ಮೀಡ್‌ನಲ್ಲಿ 60 ಮಿಲಿಲೀಟರ್ ಮೊದಲೇ ಬೇರೆ ಎತ್ತಿಡಿ; ಯಾಕೆಂದು ಮುಂದೆ ಹೇಳುತ್ತೇನೆ. ಸಕ್ಕರೆ ಡ್ರೈ ಮೀಡ್‌ಗೆ 150 ಗ್ರಾಂ, ಅರೆಸಿಹಿಗೆ 120, ಸಿಹಿಗೆ 100. ಸಿಹಿ ಮೀಡ್‌ಗೂ ನೂರು ಗ್ರಾಂ ಬೇಕೇ ಎಂದು ಹುಬ್ಬೇರಿಸುವವರಿದ್ದಾರೆ. ಬೇಕು, ಅದು ಬರೀ ರುಚಿಗಲ್ಲ. ಬೇಯುವ ದ್ರವದಲ್ಲಿ ಸಕ್ಕರೆ ತೀರಾ ಕಡಿಮೆಯಾದರೆ ಹಣ್ಣು ನೀರು ಹೀರಿ ಉಬ್ಬಿ ಒಡೆಯುತ್ತದೆ, ವಿಪರೀತವಾದರೆ ತನ್ನ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಒಂದು ತುಂಡು ಚಕ್ಕೆ, ಎರಡು ಲವಂಗ. ಮಸಾಲೆ ಹಾಕಿ ಹುದುಗಿಸಿದ ಮೀಡ್ ಆದರೆ ಅವೂ ಬೇಡ.

ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ, ಕಬ್ಬಿಣ ಎರಡೂ ಆಮ್ಲದ ಜೊತೆ ಸೇರಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ. ಹಣ್ಣು ತೇಲುವುದರಿಂದ ಬಟರ್ ಪೇಪರನ್ನು ವೃತ್ತಾಕಾರವಾಗಿ ಕತ್ತರಿಸಿ, ನಡುವೆ ತೂತು ಮಾಡಿ ಮೇಲೆ ಮುಚ್ಚಿ. ಇಲ್ಲದಿದ್ದರೆ ಹೊರಗುಳಿದ ಭಾಗ ಕಂದುಗಟ್ಟುತ್ತದೆ. ಸಣ್ಣ ಉರಿ, 85ರಿಂದ 90 ಡಿಗ್ರಿ: ತಳದಿಂದ ಒಂದೊಂದೇ ಗುಳ್ಳೆ ಏಳುತ್ತಿದ್ದರೆ ಹದ ಸರಿಯಿದೆ. ಕೊತಕೊತ ಕುದಿಸಿದರೆ ಹೊರಮೈ ಕರಗಿ, ಒಳಗೆ ಹಸಿ ಉಳಿಯುತ್ತದೆ. ಗಟ್ಟಿ ಹಣ್ಣಿಗೆ 25 ನಿಮಿಷ, ಮಾಗಿದ್ದಕ್ಕೆ 12ರಿಂದ 15. ಸಪೂರ ಚಾಕು ತಡೆಯಿಲ್ಲದೆ ತಿರುಳಿಗೆ ಇಳಿದರೆ ಸಾಕು.

ಈಗ ಹಣ್ಣು ತೆಗೆದು, ರಸವನ್ನಷ್ಟೇ ಅಗಲ ಬಾಣಲೆಯಲ್ಲಿ 150 ಮಿಲಿಲೀಟರಿಗೆ ಬತ್ತಿಸಿ. ಚಮಚದ ಬೆನ್ನಿಗೆ ಅಂಟಿದ ರಸದ ಮೇಲೆ ಬೆರಳು ಎಳೆದಾಗ ಗೆರೆ ಕೂಡಿಕೊಳ್ಳದೆ ನಿಂತರೆ ಒಲೆ ಆರಿಸಿ. ಒಂದೆಳೆ ಪಾಕಕ್ಕೆ ಕಾಯಬೇಡಿ, ತಣಿದ ಮೇಲೆ ಅದು ಅಂಟಿನಂತಾಗುತ್ತದೆ. ಐದು ನಿಮಿಷ ಬಿಟ್ಟು, ಎತ್ತಿಟ್ಟಿದ್ದ 60 ಮಿಲಿಲೀಟರ್ ಮೀಡ್, ಒಂದು ಟೀ ಚಮಚ ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ. ಜೇನಿನ ನವಿರು ಪರಿಮಳ ಕುದಿಯಲ್ಲಿ ಆವಿಯಾಗಿ ಹೋಗಿರುತ್ತದೆ. ಈ ಕೊನೆಯ ಸುರಿತದಲ್ಲೇ ಅದು ಮರಳುವುದು. ಸಕ್ಕರೆಯ ಬದಲು ಜೇನು ಬೇಕೆನ್ನುವವರೂ ಅದನ್ನು ಕೊನೆಗೇ ಹಾಕಲಿ, 100 ಗ್ರಾಂ ಸಕ್ಕರೆಗೆ 125 ಗ್ರಾಂ ಜೇನಿನ ಲೆಕ್ಕದಲ್ಲಿ. ಆದರೆ ಬೇಯಿಸುವಾಗ ಅರ್ಧ ಭಾಗವಾದರೂ ಸಕ್ಕರೆ ಇರಲೇಬೇಕು.

ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಬೆರೆಸಿ ಸಣ್ಣಗೆ ಕುದಿಸಿದಾಗ 15 ನಿಮಿಷಕ್ಕೆ ಶೇ 40, ಅರ್ಧ ಗಂಟೆಗೆ ಶೇ 35, ಒಂದು ಗಂಟೆಗೆ ಶೇ 25ರಷ್ಟು ಉಳಿದೇ ಇರುತ್ತದೆ. ಪಾತ್ರೆಯ ಅಗಲದ ಮೇಲೆ ಈ ಅಂಕಿ ಹೆಚ್ಚುಕಡಿಮೆಯಾದೀತು, ಸೊನ್ನೆಯಂತೂ ಆಗದು. ಕೊನೆಗೆ ಸುರಿದದ್ದು ಬಹುಪಾಲು ಹಾಗೇ ಇರುತ್ತದೆ. ಮಕ್ಕಳು, ಗರ್ಭಿಣಿಯರು, ಕುಡಿಯದವರು, ಆಲ್ಕೋಹಾಲ್ ಜೊತೆ ಸಲ್ಲದ ಔಷಧ ತೆಗೆದುಕೊಳ್ಳುವವರು ಇದ್ದರೆ ಅವರ ಹಣ್ಣನ್ನು ಬೇರೆ ಪಾತ್ರೆಯಲ್ಲಿ ಸೇಬಿನ ರಸದಲ್ಲಿ ಬೇಯಿಸಿ.

ಓವನ್‌ನಲ್ಲಿ ಮಾಡುವ ಸೇಬಿನ ಪೈ, ಕ್ರಂಬಲ್‌ (ಹಣ್ಣಿನ ಮೇಲೆ ಬೆಣ್ಣೆ ಬೆರೆಸಿದ ಹಿಟ್ಟಿನ ಪುಡಿ ಉದುರಿಸಿ ಬೇಯಿಸುವ ತಿನಿಸು) ಇವಕ್ಕೂ ಸಕ್ಕರೆಯ ಲೆಕ್ಕ ಇದೇ. ಜೊತೆಗೆ ನೀರಿನ ಕಾಟ. ಒಂದು ಕಿಲೋ ಸೇಬಿಗೆ 200 ಮಿಲಿಲೀಟರ್ ಮೀಡ್ ಹಾಗೇ ಸುರಿದರೆ ತಳದ ಹಿಟ್ಟು ಬೇಯದೆ ಮೆತ್ತಗಾಗುತ್ತದೆ. ಮೊದಲು 60 ಮಿಲಿಲೀಟರಿಗೆ ಬತ್ತಿಸಿ, ತಣಿಸಿ, ಆಮೇಲೆ ಕಲಸಿ. ಹಾಲಿಗಂತೂ ಮೀಡ್ ಹಾಕಲೇಬೇಡಿ, ಒಡೆಯುತ್ತದೆ. ಕೆನೆಯೇ ಬೇಕಿದ್ದರೆ ದಪ್ಪ ಕೆನೆಗೆ ತಣಿದ ಪಾಕ ಸೇರಿಸಿ.

ಪೇರ್ ಒಂದು ರಾತ್ರಿ ಪಾಕದಲ್ಲಿ ಫ್ರಿಜ್‌ನಲ್ಲಿ ಕೂತರೆ ಸಿಹಿ ನಡುವಿನವರೆಗೂ ಇಳಿಯುತ್ತದೆ. ಬೆಳಗ್ಗೆ ನೋಡಿದರೆ ಪಾಕ ತೆಳ್ಳಗಾಗಿರುತ್ತದೆ, ಹಣ್ಣು ನೀರು ಬಿಟ್ಟಿರುತ್ತದೆ. ಹೀಗೆ ಇಡುವ ಯೋಚನೆಯಿದ್ದರೆ ಎತ್ತಿಟ್ಟ ಮೀಡ್ ಮತ್ತು ನಿಂಬೆರಸವನ್ನು ಹಿಂದಿನ ದಿನ ಸೇರಿಸಬೇಡಿ. ಪಾಕವನ್ನು ಇನ್ನೊಮ್ಮೆ ಎರಡು ಮೂರು ನಿಮಿಷ ಬತ್ತಿಸಿ, ಬಡಿಸುವ ಮುಂಚೆ ಬೆರೆಸಿ.