ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ ಟೆನ್ಷನ್ ಕಾರಣವಾ?

ಪ್ರಶ್ನೆ: ನನಗೆ 38 ವರ್ಷ. ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮೂರು ಥರದ ಮಾತ್ರೆ ತಗೊಂಡರೂ ಬಿಪಿ 160ರ ಕೆಳಗೆ ಬರುತ್ತಿಲ್ಲ. ಎಲ್ಲರೂ ಟೆನ್ಷನ್ ಕಡಿಮೆ ಮಾಡು ಅಂತಾರೆ. ಹಾರ್ಮೋನ್ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮಾಡಿಸಬೇಕು. ನಿಮ್ಮ ಡಾಕ್ಟರ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ.

ಈಗ ಆ ಟೆನ್ಷನ್ ವಿಷಯಕ್ಕೆ ಬರೋಣ. ಮುಂಬೈಯ ಲ್ಯಾಬುಗಳಲ್ಲಿ 28 ವರ್ಷ ರಕ್ತ ತೆಗೆದಿದ್ದೇನೆ. ಈ ಮಾತು ಕಿವಿಗೆ ಬೀಳದ ದಿನ ಇರಲಿಲ್ಲ. ಹೈಪರ್‌ಟೆನ್ಷನ್ ಅನ್ನೋ ಹೆಸರಲ್ಲೇ ಟೆನ್ಷನ್ ಇದೆಯಲ್ಲ ಅಂತ ವಾದಿಸುತ್ತಾರೆ. ಇದೆ. ಆದರೆ ಅಲ್ಲಿ ಟೆನ್ಷನ್ ಅಂದರೆ ರಕ್ತನಾಳದೊಳಗಿನ ಒತ್ತಡ. ಮಗನ ಅಡ್ಮಿಷನ್ ಚಿಂತೆಗೂ ಆ ಹೆಸರಿಗೂ ಸಂಬಂಧವೇ ಇಲ್ಲ. ಸಿಟ್ಟು ಬಂದಾಗ, ಓಡಿ ಟ್ರೇನ್ ಹಿಡಿದಾಗ ಬಿಪಿ ಏರುತ್ತದೆ, ನಿಜ. ಕೂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಬಹಳ ದಿನದ ಚಿಂತೆ ನಿದ್ದೆ ಕೆಡಿಸಿ, ಕುಡಿತ ಜಾಸ್ತಿ ಮಾಡಿಸಿ ಬಿಪಿಗೆ ಒಂದಿಷ್ಟು ದಾರಿ ಮಾಡಿಕೊಡಬಹುದು. ಆದರೆ ಭಾನುವಾರ ಬೆಳಗ್ಗೆ, ಚಹಾ ಕೂಡ ಕುಡಿಯುವ ಮೊದಲೇ 160 ಇದ್ದರೆ ಲೋಕಲ್ ಟ್ರೇನನ್ನು ಬೈದು ಏನು ಪ್ರಯೋಜನ?

ಘಾಟ್ಕೋಪರ್ ಕಡೆ ಹೋಟೆಲಲ್ಲಿ ದೋಸೆ ಹುಯ್ಯುತ್ತಿದ್ದ ಕುಂದಾಪುರದವರೊಬ್ಬರು ಬಂದಿದ್ದರು. ಮುಖದ ತುಂಬ ನಗು. ತೋಳಿಗೆ ಪಟ್ಟಿ ಸುತ್ತಿದೆ. 180/110. "ನಂಗೆ ಟೆನ್ಷನ್ ಎಂತದೂ ಇಲ್ಲ ಮಾರಾಯ್ರೆ. ನಿಮ್ಮ ಮಿಷನ್ ಹಾಳಾಯ್ತಾ ಕಾಣಿ" ಅಂದರು. ಇನ್ನೊಂದು ತೋಳಿಗೆ ಸುತ್ತಿದೆ. ಹೆಚ್ಚುಕಡಿಮೆ ಅಷ್ಟೇ ಬಂತು. ಟೆನ್ಷನ್ ಇಲ್ಲದವನಿಗೆ ಬಿಪಿ ಹೇಗೆ ಬರುತ್ತೆ ಅಂತ ಅವರು ವರ್ಷಗಟ್ಟಲೆ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಇನ್ನು ಕೆಲವರು ಚೌತಿಗೆ ಊರಿಗೆ ಹೋಗುವಾಗ ಮಾತ್ರೆಯನ್ನು ಮುಂಬೈಯಲ್ಲೇ ಬಿಟ್ಟು ಹೋಗುತ್ತಾರೆ. ಊರಲ್ಲಿ ಟೆನ್ಷನ್ ಇಲ್ಲ, ಮಾತ್ರೆ ಯಾಕೆ ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟು ಸಲ ಹೇಳಲಿ?

ಇನ್ನೂ ದೊಡ್ಡ ನಷ್ಟ ಏನೆಂದರೆ, ಟೆನ್ಷನ್ ಅಂದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ.

ಹುಡುಕಾಟ ನಿಲ್ಲಿಸದೆ ಇದ್ದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜೆರೋಮ್ ಕಾನ್. ಎರಡನೇ ಮಹಾಯುದ್ಧದ ಕಾಲದಲ್ಲಿ, ವಿಪರೀತ ಸೆಕೆಗೆ ಮನುಷ್ಯನ ಮೈ ಹೇಗೆ ಒಗ್ಗುತ್ತದೆ ಅಂತ ಅವರು ಸೈನ್ಯಕ್ಕಾಗಿ ನೋಡುತ್ತಿದ್ದರು. ನಮ್ಮ ಮೇ ತಿಂಗಳಂಥ ಸೆಕೆ. ಕೆಲವು ದಿನ ಕಳೆದರೆ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತಿತ್ತು. ಮೈಯೊಳಗೆ ಯಾವುದೋ ಹಾರ್ಮೋನ್ ಉಪ್ಪನ್ನು ಹಿಡಿದಿಡುತ್ತಿದೆ ಅನ್ನೋದು ಅವರ ಊಹೆ. 1953ರಲ್ಲಿ ಲಂಡನ್‌ನ ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಸಂಗಡಿಗರು ಅಂಥ ಹಾರ್ಮೋನನ್ನು ಬೇರ್ಪಡಿಸಿದರು. ಅದೇ ಆಲ್ಡೋಸ್ಟೆರಾನ್. ಕಿಡ್ನಿಯ ತಲೆಮೇಲೆ ಟೋಪಿ ಹಾಗೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ತಯಾರಾಗುತ್ತದೆ. ಹದ ಮೀರಿದರೆ ಕಿಡ್ನಿ ಉಪ್ಪು, ನೀರು ಉಳಿಸಿಕೊಂಡು ಪೊಟ್ಯಾಷಿಯಂ ಹೊರಗೆ ಹಾಕುತ್ತದೆ. ಬಿಪಿ ಏರುತ್ತದೆ.

1954ರಲ್ಲಿ ಕಾನ್ ಹತ್ತಿರ 34 ವರ್ಷದ ಒಬ್ಬ ಹೆಂಗಸು ಬಂದರು. ಬಿಪಿ ಜಾಸ್ತಿ, ಸ್ನಾಯು ಸೆಳೆತ, ಕೈಕಾಲು ಸೋಲುವುದು, ಪೊಟ್ಯಾಷಿಯಂ ತೀರಾ ಕಡಿಮೆ. ಆ ಡಿಸೆಂಬರ್‌ನಲ್ಲಿ ಆಪರೇಷನ್ ಆಯಿತು. ಒಂದು ಅಡ್ರಿನಲ್‌ನಲ್ಲಿ ಆಲ್ಡೋಸ್ಟೆರಾನ್ ಸುರಿಯುತ್ತಿದ್ದ 4 ಸೆಂ.ಮೀ. ಗಡ್ಡೆ! ತೆಗೆದ ಮೇಲೆ ಬಿಪಿ ಇಳಿಯಿತು. ಚಿಂತೆ ಬಿಡಮ್ಮಾ ಅಂತ ಹೇಳಿ ಕಳಿಸಿದ್ದರೆ ಗಡ್ಡೆ ಅಲ್ಲೇ ಕೂತಿರುತ್ತಿತ್ತು, ಅಲ್ವಾ?

ಆಲ್ಡೋಸ್ಟೆರಾನ್ ಹದ ಮೀರುವ ಇದನ್ನು ಬಹಳ ವರ್ಷ ಅಪರೂಪದ ಕಾಯಿಲೆ ಅಂದುಕೊಂಡಿದ್ದರು. ಈಗಿನ ಲೆಕ್ಕದಲ್ಲಿ ಬಿಪಿ ಇರುವ ನೂರು ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಇರುತ್ತದೆ. ಮೂರು ಮಾತ್ರೆಗೂ ಬಗ್ಗದವರಲ್ಲಿ ಇನ್ನೂ ಜಾಸ್ತಿ. ಪೊಟ್ಯಾಷಿಯಂ ಸರಿಯಾಗಿದ್ದರೂ ಈ ಕಾಯಿಲೆ ಇರಬಹುದು. ಒಂದೇ ಗ್ರಂಥಿಯಲ್ಲಿ ತೊಂದರೆ ಇದ್ದರೆ ಆಪರೇಷನ್, ಎರಡರಲ್ಲೂ ಇದ್ದರೆ ಆಲ್ಡೋಸ್ಟೆರಾನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ.

ನೀವು ಕೇಳಿದ ಹಾರ್ಮೋನ್ ಪರೀಕ್ಷೆ ಅಂದರೆ ಆಲ್ಡೋಸ್ಟೆರಾನ್, ರೆನಿನ್ ಎರಡನ್ನೂ ಒಟ್ಟಿಗೆ ನೋಡುವ ರಕ್ತಪರೀಕ್ಷೆ. ರೆನಿನ್ ಅಂದರೆ ಆಲ್ಡೋಸ್ಟೆರಾನ್ ತಯಾರಿಸು ಅಂತ ಸೂಚನೆ ಕೊಡಲು ಕಿಡ್ನಿ ಬಿಡುವ ವಸ್ತು; ಈ ಕಾಯಿಲೆಯಲ್ಲಿ ಅದು ಕಡಿಮೆ ಇರುತ್ತದೆ. ಬೆಳಗ್ಗೆ ಎದ್ದು ಎರಡು ಗಂಟೆ ಓಡಾಡಿಕೊಂಡಿರಿ. ಆಮೇಲೆ ಸ್ವಲ್ಪ ಹೊತ್ತು ಕೂತು ರಕ್ತ ಕೊಡಿ. ಮುಷ್ಟಿಯನ್ನು ಬಿಗಿದು ಬಿಚ್ಚಿ ಮಾಡಬೇಡಿ, ಪೊಟ್ಯಾಷಿಯಂ ಸುಮ್ನೆ ಏರಿಸಿ ತೋರಿಸುತ್ತದೆ. ರೆನಿನ್ ಟ್ಯೂಬನ್ನು ಐಸ್ ಮೇಲೆ ಇಡಬೇಡಿ ಅಂತ ಹೊಸ ಹುಡುಗರಿಗೆ ನಾನು ಮೊದಲ ದಿನವೇ ಹೇಳಿಕೊಡುತ್ತಿದ್ದೆ. ತಣ್ಣಗಾದರೆ ರೆನಿನ್ ಏರಿದ ಹಾಗೆ ಕಾಣುತ್ತದೆ, ಕಾಯಿಲೆ ಇದ್ದವರಿಗೂ ಇಲ್ಲ ಅಂತ ರಿಪೋರ್ಟ್ ಹೋಗಿಬಿಡುತ್ತದೆ. ನಾನು ಕಲಿಸಿದ ಹುಡುಗರು ಈ ತಪ್ಪು ಮಾಡಲಿಲ್ಲ. ಕೆಲವು ಬಿಪಿ ಮಾತ್ರೆಗಳೂ ಫಲಿತಾಂಶ ಕೆಡಿಸುತ್ತವೆ. ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ನೀವು ಕೇಳಿಲ್ಲ, ಆದರೂ ಕೇಳುತ್ತೇನೆ. ಭಜನೆಗೋ ಯಕ್ಷಗಾನಕ್ಕೋ ಹೋಗುತ್ತೀರಾ? ಗಂಟಲಿಗೆ ಅಂತ ದಿನಾ ಜೇಷ್ಠಮಧು ಅಗಿಯುತ್ತೀರಾ? ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್ ಕಿಡ್ನಿಯಲ್ಲಿ ಆಲ್ಡೋಸ್ಟೆರಾನ್ ಜಾಗಕ್ಕೆ ಬಂದು ಕೂರದ ಹಾಗೆ ಒಂದು ಕಿಣ್ವ ಕಾವಲಿರುತ್ತದೆ. ಜೇಷ್ಠಮಧು ಆ ಕಾವಲನ್ನೇ ತೆಗೆಯುತ್ತದೆ. ಉಪ್ಪು ಒಳಗುಳಿಯುತ್ತದೆ, ಬಿಪಿ ಏರುತ್ತದೆ. ಗಡ್ಡೆ ಇಲ್ಲದೆಯೇ ಗಡ್ಡೆಯ ಲಕ್ಷಣ. ಬೇರು ತಾನೇ, ಏನಾಗುತ್ತೆ ಅನ್ನಬೇಡಿ. 1949ರಲ್ಲಿ ಸರ್ಪಗಂಧಿಯ ಬೇರು ಬಿಪಿ ಇಳಿಸುತ್ತದೆ ಅಂತ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದು ಹೊರಜಗತ್ತಿಗೆ ತೋರಿಸಿದವರು ನಮ್ಮ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್. ಇಳಿಸುವ ಬೇರು ಇದ್ದ ಮೇಲೆ ಏರಿಸುವ ಬೇರೂ ಇರುತ್ತದೆ. ಜೇಷ್ಠಮಧು ದಿನಾ ಬಾಯಲ್ಲಿದ್ದರೆ, ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಟಿಯ ಜೊತೆ ಆ ಪೊಟ್ಟಣವನ್ನೂ ತಗೊಂಡು ಹೋಗಿ.